44ನೇ ಮಹಡಿಯ ಕಿಟಕಿ

ಅಕ್ಕನ ಮಗಳು ಆರು ತಿಂಗಳ ಇಂಟರ್ನ್‌ಶಿಪ್‌ಗೆಂದು ಟೋಕಿಯೋಗೆ ಹೊರಟಾಗ ಅವಳ ಕೈಗೆ ಒಂದು ಪುಸ್ತಕ ಕೊಟ್ಟಿದ್ದೆ. ಬೆಲ್ಜಿಯಂನ ಲೇಖಕಿ ಅಮೆಲಿ ನೋತೋಂಬ್ ಫ್ರೆಂಚಿನಲ್ಲಿ ಬರೆದು 1999ರಲ್ಲಿ ಪ್ರಕಟಿಸಿದ ಕಾದಂಬರಿ. ಏಡ್ರಿಯಾನಾ ಹಂಟರ್ ಅವರ ಇಂಗ್ಲಿಷ್ ಅನುವಾದದಲ್ಲಿ ಅದರ ಹೆಸರು ‘ಫಿಯರ್ ಅಂಡ್ ಟ್ರೆಂಬ್ಲಿಂಗ್’. ಪರದೇಶದ ಆಫೀಸಿಗೆ ಹೊಸದಾಗಿ ಸೇರಿದ ಹುಡುಗಿಯ ಕಥೆ, ತೆಳ್ಳಗಿದೆ, ನಗಿಸುತ್ತದೆ, ವಿಮಾನದಲ್ಲೇ ಓದಿ ಮುಗಿಸಬಹುದು ಎಂದಿದ್ದೆ. ಎರಡು ವಾರ ಕಳೆದ ಮೇಲೆ ಫೋನ್ ಮಾಡಿ ಕೇಳಿದಳು: “ಮಾಮ, ಇವಳು ಊಟ ಎಲ್ಲಿ ಮಾಡ್ತಾಳೆ? ರೂಮ್ ಎಲ್ಲಿದೆ? ಬಟ್ಟೆ ಯಾವಾಗ ಒಗೀತಾಳೆ? ಅದೊಂದೂ ಇಲ್ವಲ್ಲ ಇದ್ರಲ್ಲಿ.”

ಎರಡು ಸಲ ಓದಿದ್ದ ನನಗೆ ಈ ಪ್ರಶ್ನೆ ಹೊಳೆದೇ ಇರಲಿಲ್ಲ. ಅವಳ ಪ್ರಶ್ನೆ ಇಟ್ಟುಕೊಂಡು ಮೂರನೆಯ ಸಲ ಓದಿದೆ.

ಕಥೆ ಸರಳ. ಜಪಾನಿನಲ್ಲಿ ಬಾಲ್ಯ ಕಳೆದ, ಜಪಾನಿ ಭಾಷೆ ಚೆನ್ನಾಗಿ ಬಲ್ಲ ಅಮೆಲಿ ಎಂಬ ತರುಣಿ 1990ರ ಜನವರಿ 8ರಂದು ಯುಮಿಮೋಟೋ ಎಂಬ ಕಲ್ಪಿತ ಕಂಪನಿಯ 44ನೇ ಮಹಡಿಯ ಆಫೀಸಿಗೆ ಒಂದು ವರ್ಷದ ಒಪ್ಪಂದದ ಮೇಲೆ ಸೇರುತ್ತಾಳೆ. ಕಾಗದದ ಮೇಲೆ ಅವಳು ಇಂಟರ್ನ್ ಅಲ್ಲ. ಆದರೆ ಇಂಟರ್ನ್ ಆಗಿದ್ದವರಿಗೆಲ್ಲ ಅವಳ ಸ್ಥಿತಿ ಗೊತ್ತು: ಕುರ್ಚಿ ಇದೆ, ಮೇಜಿದೆ, ಕೆಲಸ ಇಲ್ಲ. ಗಾಲ್ಫ್ ಆಟದ ಆಹ್ವಾನವೊಂದಕ್ಕೆ ಒಪ್ಪಿಗೆಯ ಪತ್ರ ಬರೆಯಬೇಕು, ಬರೆದದ್ದನ್ನೆಲ್ಲ ಮೇಲಿನವರು ಹರಿದು ಹಾಕುತ್ತಾರೆ. ಗಾಲ್ಫ್ ಕ್ಲಬ್ಬಿನ ನಿಯಮಾವಳಿಯನ್ನು ಜೆರಾಕ್ಸ್ ಮಾಡಬೇಕು, ಅಂಚು ಸರಿಯಿಲ್ಲವೆಂದು ಮತ್ತೆ ಮಾಡಬೇಕು. ಕೆಲಸ ಕೊಡದಿದ್ದಾಗ ತಾನೇ ಹುಡುಕಿಕೊಂಡು ಟಪಾಲು ಹಂಚುತ್ತಾಳೆ, ಎಲ್ಲರ ಕ್ಯಾಲೆಂಡರಿನ ತಾರೀಖು ಬದಲಿಸುತ್ತಾಳೆ. ಅದಕ್ಕೂ ಬೈಗುಳ. ಕೊನೆಯ ಏಳು ತಿಂಗಳು ಶೌಚಾಲಯ ನೋಡಿಕೊಳ್ಳುವುದೇ ಅವಳ ಹುದ್ದೆ.

ಪರದೇಶಕ್ಕೆ ಹೋಗುವ ಮಕ್ಕಳಿಗೆ ನಾವು ಹೇಳುವ ಮೊದಲ ಬುದ್ಧಿಮಾತು ‘ಅಲ್ಲಿಯ ಭಾಷೆ ಕಲಿ’ ಎಂಬುದು. ಈ ಕಾದಂಬರಿ ಆ ಮಾತನ್ನೇ ತಲೆಕೆಳಗು ಮಾಡುತ್ತದೆ. ಬೇರೊಂದು ಕಂಪನಿಯಿಂದ ಬಂದ ಅತಿಥಿಗಳಿಗೆ ಕಾಫಿ ಕೊಡುವಾಗ ಅಮೆಲಿ ಅಚ್ಚುಕಟ್ಟಾದ ಜಪಾನಿಯಲ್ಲಿ ಉಪಚಾರದ ಮಾತಾಡುತ್ತಾಳೆ. ತಮ್ಮ ಮಾತೆಲ್ಲ ತಿಳಿಯುವ ಬಿಳಿ ಹುಡುಗಿಯ ಎದುರು ಅವರಿಗೆ ಇರಿಸುಮುರಿಸು. ಇನ್ನು ಮುಂದೆ ನಿನಗೆ ಜಪಾನಿ ಬರುವುದಿಲ್ಲ ಎಂದು ಅವಳಿಗೆ ಅಪ್ಪಣೆಯಾಗುತ್ತದೆ. ಕಲಿತ ಭಾಷೆಯನ್ನು ಮರೆಯುವುದು ಹೇಗೆ ಎಂಬ ಅವಳ ವಾದ ನಡೆಯುವುದಿಲ್ಲ. ಭಾಷೆ ಬಂದರೆ ಒಳಗೆ ಬಿಟ್ಟುಕೊಳ್ಳುತ್ತಾರೆ ಎಂದು ನಂಬಿದವಳಿಗೆ ಭಾಷೆ ಬರುವುದೇ ತಪ್ಪಾಯಿತು. ಇದು ನಗಿಸುವ ಪ್ರಸಂಗ, ಆದರೆ ನಕ್ಕ ಮೇಲೆ ಗಂಟಲಲ್ಲಿ ಏನೋ ಉಳಿಯುತ್ತದೆ.

ಕಾದಂಬರಿಯ ಜೀವ ಇರುವುದು ಅಮೆಲಿಯ ನೇರ ಮೇಲಧಿಕಾರಿ ಮೋರಿ ಫುಬುಕಿಯ ಪಾತ್ರದಲ್ಲಿ. 29 ವರ್ಷ, ಎತ್ತರದ ನಿಲುವು, ಮದುವೆಯಾಗಿಲ್ಲ. ವರ್ಷಗಟ್ಟಲೆ ತಲೆ ತಗ್ಗಿಸಿ ದುಡಿದು ಈ ಹುದ್ದೆಗೆ ಬಂದವಳು. ಜಪಾನಿನಲ್ಲಿ ಉದ್ಯೋಗದಲ್ಲಿ ಸಮಾನ ಅವಕಾಶದ ಕಾನೂನು ಜಾರಿಗೆ ಬಂದದ್ದೇ 1986ರಲ್ಲಿ. ಅದಾಗಿ ನಾಲ್ಕೇ ವರ್ಷಕ್ಕೆ ಗಂಡಸರ ಆ ಮಹಡಿಯಲ್ಲಿ ಅವಳ ಮೇಜು ಎಷ್ಟು ಅಪರೂಪದ್ದಾಗಿತ್ತು ಎಂಬುದನ್ನು ನಾವು ನೆನಪಿಟ್ಟುಕೊಂಡು ಓದಬೇಕು. ತೆನ್ಶಿ ಎಂಬ ಸಜ್ಜನ ಅಧಿಕಾರಿ ಬೆಲ್ಜಿಯಂನ ಬೆಣ್ಣೆಯ ಬಗ್ಗೆ ಒಂದು ವರದಿ ತಯಾರಿಸುವ ಕೆಲಸವನ್ನು ಅಮೆಲಿಗೆ ಕೊಡುತ್ತಾನೆ. ಅವಳು ಖುಷಿಯಿಂದ ಮಾಡಿದ ಏಕೈಕ ಕೆಲಸ ಅದು. ಆ ವಿಷಯ ಮೇಲಕ್ಕೆ ಮುಟ್ಟಿಸುವವಳು ಫುಬುಕಿ. ಅವಳ ಲೆಕ್ಕದಲ್ಲಿ ಅದು ಚಾಡಿಯಲ್ಲ. ತಾನು ವರ್ಷಗಟ್ಟಲೆ ಕಾದು ಏರಿದ ಮೆಟ್ಟಿಲನ್ನು ನಿನ್ನೆ ಬಂದವಳು ಹಾರಿ ದಾಟುವುದು ಅನ್ಯಾಯ.

ಮುಂದೊಂದು ದಿನ ಉಪಾಧ್ಯಕ್ಷ ಒಮೋಚಿ ಎಲ್ಲರೆದುರು ಫುಬುಕಿಯ ಮೇಲೆ ಕೂಗಾಡುತ್ತಾನೆ. ಅವಳು ಕಣ್ಣೀರು ಕಾಣಿಸದೆ ನಿಂತು ಕೇಳಿ, ಆಮೇಲೆ ಶೌಚಾಲಯಕ್ಕೆ ಹೋಗಿ ಅಳುತ್ತಾಳೆ. ಅಮೆಲಿ ಸಮಾಧಾನ ಹೇಳಲು ಹಿಂದೆಯೇ ಓಡುತ್ತಾಳೆ. ನಮ್ಮ ಕಡೆ ಯಾರಾದರೂ ಅದನ್ನೇ ಮಾಡಿಯಾರು. ಆದರೆ ಅಳುವುದನ್ನು ಯಾರೂ ನೋಡಬಾರದೆಂದೇ ಅವಳು ಅಲ್ಲಿಗೆ ಹೋದದ್ದು. ನೋಡಿದವಳಿಗೆ ಅದೇ ಶೌಚಾಲಯ ಶಿಕ್ಷೆಯಾಗಿ ಬರುತ್ತದೆ. ಪರಸ್ಥಳದಲ್ಲಿ ಹೊಂದಿಕೊಳ್ಳುವುದು ಎಂದರೇನು ಎಂಬುದಕ್ಕೆ ನಾನು ಓದಿದ ಅತ್ಯಂತ ನಿಖರವಾದ ದೃಶ್ಯ ಇದು. ಎಲ್ಲಿ ಮಾತಾಡಬೇಕು ಎಂಬುದು ಭಾಷೆಯ ಪುಸ್ತಕದಲ್ಲಿ ಸಿಕ್ಕೀತು, ಯಾವಾಗ ಮುಖ ಆಚೆ ತಿರುಗಿಸಬೇಕು ಎಂಬುದು ಸಿಗುವುದಿಲ್ಲ.

ಇಷ್ಟು ಹೇಳಿಯೂ ಸೊಸೆಯ ಪ್ರಶ್ನೆ ಹಾಗೇ ಇದೆ. ಈ ಹುಡುಗಿಯ ಊರು ಎಲ್ಲಿ? ಟೋಕಿಯೋ ಇರುವುದು ಕಿಟಕಿಯಲ್ಲಿ ಮಾತ್ರ. ಗಾಜಿಗೆ ಹಣೆಯಿಟ್ಟು ಅಮೆಲಿ ಮನಸ್ಸಿನಲ್ಲೇ ಕೆಳಗಿನ ನಗರಕ್ಕೆ ಧುಮುಕುತ್ತಿರುತ್ತಾಳೆ, ಅದೇ ಅವಳ ಬಿಡುವು. ನೆನಪಿನಲ್ಲಿ ಉಳಿಯುವ ತಿನ್ನುವ ದೃಶ್ಯವೂ ಒಂದೇ, ಒಮೋಚಿ ಒತ್ತಾಯ ಮಾಡಿ ತಿನ್ನಿಸುವ ಹಸಿರು ಚಾಕೊಲೇಟಿನದು. ಆಫೀಸಿನ ಹೊರಗೆ ತನಗೊಂದು ಬದುಕಿತ್ತು, ಅದು ಈ ಕಥೆಗೆ ಸಂಬಂಧಿಸಿದ್ದಲ್ಲ ಎಂದು ನಿರೂಪಕಿಯೇ ಒಂದೆಡೆ ಹೇಳಿ ಮುಂದೆ ಸಾಗುತ್ತಾಳೆ. ಈ ಕತ್ತರಿಯಿಂದ ಕಾದಂಬರಿಗೆ ವೇಗ ಬಂದಿದೆ, ನಿಜ. ನಷ್ಟವೂ ಆಗಿದೆ. ಬೀದಿಯಿಲ್ಲ, ಅಂಗಡಿಯವನಿಲ್ಲ, ರೈಲಿನಲ್ಲಿ ತೂಕಡಿಸುವ ಸಹಪ್ರಯಾಣಿಕನಿಲ್ಲ. ಹಾಗಾಗಿ ಆ ಒಂದು ಮಹಡಿಯೇ ಇಡೀ ಜಪಾನ್ ಆಗಿಬಿಡುತ್ತದೆ. ಜಪಾನಿನ ಹೆಂಗಸರ ಬಗ್ಗೆ ಬರುವ ದೀರ್ಘ ಟಿಪ್ಪಣಿಯಲ್ಲಿ ಸಿಟ್ಟಿದೆ, ಮರುಕವಿದೆ. ಆದರೆ ಅದರ ಹಿಂದಿರುವುದು ಒಬ್ಬಳೇ ಫುಬುಕಿ.

ನೋತೋಂಬ್ ಬಿಟ್ಟದ್ದನ್ನು ಎಂಟು ವರ್ಷದ ನಂತರ ಬರೆದರು. 2007ರಲ್ಲಿ ಬಂದ ಇನ್ನೊಂದು ಕಾದಂಬರಿಯ ಇಂಗ್ಲಿಷ್ ಹೆಸರು ‘ಟೋಕಿಯೋ ಫಿಯಾನ್ಸೆ’. ಅದೇ ಅಮೆಲಿ, ಅದೇ ನಗರ, ಬಹುಪಾಲು ಅದೇ ಕಾಲ. ಇಲ್ಲಿ ಅವಳು ರಿನ್ರಿ ಎಂಬ ತರುಣನಿಗೆ ಫ್ರೆಂಚ್ ಹೇಳಿಕೊಡುತ್ತಾಳೆ, ಒಕೊನೊಮಿಯಾಕಿಯ ಘಮಕ್ಕೆ ಬಾಲ್ಯ ನೆನೆಯುತ್ತಾಳೆ, ಫ್ಯೂಜಿ ಬೆಟ್ಟ ಹತ್ತುತ್ತಾಳೆ. ಊಟ, ಮನೆ, ಹಿಮ, ನಗು ಎಲ್ಲವೂ ಇದೆ. ಆಫೀಸಿನ ನರಕ ಮಾತ್ರ ಕೆಲವೇ ಪುಟಗಳಲ್ಲಿ ಮುಗಿದುಹೋಗುತ್ತದೆ. ಬಿಡಿಬಿಡಿಯಾಗಿ ಎರಡೂ ಅರ್ಧಸತ್ಯ. ಒಂದರ ಪಕ್ಕ ಒಂದಿಟ್ಟಾಗ ದಿನ ಪೂರ್ತಿಯಾಗುತ್ತದೆ. ಹಗಲು ಶೌಚಾಲಯ ತೊಳೆದವಳೇ ಸಂಜೆ ಪ್ರೇಮದ ಮಾತಾಡಿದಳು, ಅಲ್ಲಿಯ ಅವಮಾನವನ್ನು ಇಲ್ಲಿಗೆ ತಂದಳೋ ಇಲ್ಲವೋ ಎಂದು ನಾವು ಕೇಳಬಹುದು. ಲೇಖಕಿ ಆ ಬಾಗಿಲು ತೆರೆಯುವುದಿಲ್ಲ.

ಕನ್ನಡದ ಓದುಗರಿಗೆ ಇಲ್ಲಿ ಯಶವಂತ ಚಿತ್ತಾಲರ ‘ಶಿಕಾರಿ’ (1979) ನೆನಪಾಗದೆ ಇರದು. ಮುಂಬಯಿಯ ಕಂಪನಿಯಲ್ಲಿ ಬೇಟೆಗೆ ಸಿಕ್ಕ ನಾಗಪ್ಪನಿಗೆ ಇಂಥ ಎರಡು ಖಾನೆಗಳಿಲ್ಲ. ಆಫೀಸಿನ ಸಂಶಯ ಅವನ ಕೋಣೆಯೊಳಗೆ, ಬೀದಿಗೆ, ಹಳ್ಳಿಯ ನೆನಪಿನೊಳಗೂ ಹಿಂಬಾಲಿಸುತ್ತದೆ. ನೋತೋಂಬರ ಹಾಸ್ಯ ಚಿತ್ತಾಲರಲ್ಲಿಲ್ಲ. ಆದರೆ ಅವಮಾನಕ್ಕೆ ಆಫೀಸು ಮುಗಿಯುವ ಹೊತ್ತು ಎಂಬುದಿಲ್ಲ ಎನ್ನುವುದು ಅವರಿಗೆ ಗೊತ್ತಿತ್ತು.

ಮೊದಲ ಕಾದಂಬರಿಯ ಕೊನೆಗೆ ಹೋಗೋಣ. ಅಮೆಲಿ ಊರಿಗೆ ಮರಳಿ ಲೇಖಕಿಯಾಗುತ್ತಾಳೆ. 1993ರಲ್ಲಿ ಫುಬುಕಿಯಿಂದ ಒಂದು ಪುಟ್ಟ ಅಭಿನಂದನೆಯ ಪತ್ರ ಬರುತ್ತದೆ. ಅದು ಜಪಾನಿಯಲ್ಲಿದೆ ಎಂಬುದೇ ಅವಳ ಸಂತೋಷ. ಯಾವ ಆಫೀಸಿನಲ್ಲಿ ‘ನಿನಗೆ ಈ ಭಾಷೆ ಬರುವುದಿಲ್ಲ’ ಎಂದಿದ್ದರೋ ಅಲ್ಲಿಯವಳೇ ‘ನಿನಗೆ ಬರುತ್ತದೆ’ ಎಂದು ಒಪ್ಪಿಕೊಂಡ ಹಾಗೆ. ಇಡೀ ಪುಸ್ತಕದ ಕಹಿ ಇಲ್ಲಿ ಸ್ವಲ್ಪ ಇಳಿಯುತ್ತದೆ.

ಇಷ್ಟನ್ನು ಸೊಸೆಗೆ ಫೋನಿನಲ್ಲಿ ಹೇಳುತ್ತಿದ್ದಾಗ ನನಗೆ ಒಂದು ವಿಷಯ ಹೊಳೆಯಿತು. ಮನೆಯ ವಾಟ್ಸಾಪ್ ಗುಂಪಿಗೆ ಅವಳು ಕಳಿಸುತ್ತಿದ್ದುದೆಲ್ಲ ಊಟದ, ರೈಲಿನ, ಹೂವಿನ ಫೋಟೋಗಳು. ಅವಳು ನಮಗೆ ಎರಡನೆಯ ಪುಸ್ತಕವನ್ನಷ್ಟೇ ಬರೆಯುತ್ತಿದ್ದಳು. “ಆಫೀಸಲ್ಲಿ ಏನು ಕೆಲಸ ಕೊಟ್ಟಿದ್ದಾರಮ್ಮ?” ಎಂದೆ. ಒಂದು ಕ್ಷಣ ಸುಮ್ಮನಿದ್ದಳು. “ಇನ್ನೂ ಏನೂ ಕೊಟ್ಟಿಲ್ಲ ಮಾಮ. ಅಮ್ಮಂಗೆ ಹೇಳ್ಬೇಡಿ.” ಆಮೇಲೆ ನಾವು ಪುಸ್ತಕದ ಮಾತು ಬಿಟ್ಟು ಬಹಳ ಹೊತ್ತು ಮಾತಾಡಿದೆವು.