ಪ್ರಾಪರ್ಟಿ ಆಫ್ ಮಾಡಿ ಆಡುವವರು

ಫ್ರೀ ಫೈರ್ ಬಡವರ ಆಟ ಎಂಬ ಮಾತು ನಮ್ಮ ಸೀಮೆಯಲ್ಲಿ ಯಾರೂ ಪ್ರಶ್ನಿಸದೆ ನಿಂತುಬಿಟ್ಟಿದೆ. ನ್ಯಾಮತಿ, ಸುರಹೊನ್ನೆ, ಹೊನ್ನಾಳಿ, ಚನ್ನಗಿರಿ ಕಡೆಯ ಹುಡುಗರ ಕೈಗೆ ಅಗ್ಗದ ಫೋನು ಬಂದ ಹೊತ್ತಿನಲ್ಲಿ ಬಂದೂಕಿನ ಕಾಳಗದ (ಶೂಟರ್) ಆಟವಾದ ಪಬ್‌ಜಿ ತೆರೆದುಕೊಳ್ಳಲಿಕ್ಕೇ ಹೆಣಗುತ್ತಿತ್ತು. ಫ್ರೀ ಫೈರ್ ಅದೇ ಫೋನಿನಲ್ಲಿ ಸರಾಗವಾಗಿ ಓಡಿತು. ನೂರು ಜನರ ಅರ್ಧ ಗಂಟೆಯ ಪಂದ್ಯದ ಬದಲು ಐವತ್ತು ಜನ, ಸಣ್ಣ ನಕ್ಷೆ, ಹತ್ತು ಹದಿನೈದು ನಿಮಿಷ. ಶಿವಮೊಗ್ಗದ ಬಸ್ಸು ಬರುವುದರೊಳಗೆ ಒಂದು ಪಂದ್ಯ ಮುಗಿಸಬಹುದು. ಇದರಿಂದಲೇ ಹಳ್ಳಿಯ ಹುಡುಗನನ್ನೂ ಬೆಂಗಳೂರಿನ ಹುಡುಗನನ್ನೂ ಒಂದೇ ಕಣದಲ್ಲಿ ಸರಿಸಮನಾಗಿ ನಿಲ್ಲಿಸಿದ ಆಟ ಎಂಬ ಹೊಗಳಿಕೆ ಹುಟ್ಟಿತು. ಒಂದೇ ಕಣದಲ್ಲಿ ನಿಲ್ಲಿಸಿದ್ದು ನಿಜ. ಸರಿಸಮನಾಗಿ ನಿಲ್ಲಿಸಿದ್ದು ಸುಳ್ಳು. ಆಟದ ಒಳಗೇ ಬರೆದಿರುವ ಒಂದು ಸಣ್ಣ ಸಾಲನ್ನು ಗಮನವಿಟ್ಟು ಓದಿದರೆ ಆ ಸುಳ್ಳು ಗೊತ್ತಾಗುತ್ತದೆ.

ಇತಿಹಾಸ ಓದುಗರಿಗೆ ತಿಳಿದದ್ದೇ. ಗರೇನಾ ಕಂಪನಿಯ ಈ ಆಟ ಬಂದದ್ದು 2017ರಲ್ಲಿ. 2020ರ ಸೆಪ್ಟೆಂಬರ್ 2ರಂದು ಪಬ್‌ಜಿ ನಿಷೇಧವಾದಾಗ ಇದರ ಕಡೆ ಜನ ಹರಿದುಬಂದರು. 2022ರ ಫೆಬ್ರವರಿ 14ರಂದು ಇದಕ್ಕೂ ನಿಷೇಧ ಬಿತ್ತು. ಮ್ಯಾಕ್ಸ್ ಎಂಬ ಅದರ ಜೋಡಿ ರೂಪ ಉಳಿದುಕೊಂಡು ಇವತ್ತಿಗೂ ನಡೆಯುತ್ತಿದೆ. ಅಪ್‌ಡೇಟ್ ಬಂದಾಗಲೆಲ್ಲ ಬದಲಾಗುವ ಕೃತಿಯನ್ನು ವಿಮರ್ಶಿಸುವಾಗ ಯಾವ ರೂಪದ ಮಾತು ಎಂಬುದನ್ನು ಹೇಳಿಬಿಡಬೇಕು. ನಾನು ಹಿಡಿದಿರುವುದು ಈ ಆಟ ನಮ್ಮ ಊರುಗಳಲ್ಲಿ ಬೇರುಬಿಟ್ಟ ವರ್ಷಗಳ ರೂಪವನ್ನು. ಇದರ ಹೆಸರು, ಕೀರ್ತಿ ಎಲ್ಲ ಆಗ ಕಟ್ಟಿದ್ದು.

ಈಗ ಆ ಸಾಲು. ಬಂದೂಕಿಗೆ ಹೊಸ ಬಣ್ಣ, ಹೊಸ ವಿನ್ಯಾಸ ತೊಡಿಸುವುದಕ್ಕೆ ಹುಡುಗರು ಗನ್ ಸ್ಕಿನ್ ಅನ್ನುತ್ತಾರೆ. ಬೇರೆ ಶೂಟರ್ ಆಟಗಳಲ್ಲೂ ಸ್ಕಿನ್ ಇದೆ. ಪಬ್‌ಜಿಯಲ್ಲಿ, ಅದರ ಭಾರತೀಯ ಅವತಾರವಾದ ಬಿಜಿಎಂಐಯಲ್ಲಿ ಎಂ416 ಬಂದೂಕಿಗೆ ಹಿಮದ ಹೊದಿಕೆ ಹಾಕಿಸಲು ಎಷ್ಟೇ ದುಡ್ಡು ಸುರಿದರೂ ಗುಂಡಿನ ಪೆಟ್ಟು ಬದಲಾಗುವುದಿಲ್ಲ. ಫ್ರೀ ಫೈರ್‌ನ ಗನ್ ಸ್ಕಿನ್ ಹಾಗಲ್ಲ. ಅದರ ಚಿತ್ರದ ಪಕ್ಕದಲ್ಲಿ ಡ್ಯಾಮೇಜ್, ರೇಟ್ ಆಫ್ ಫೈರ್, ರೇಂಜ್, ರೀಲೋಡ್ ಎಂಬಂಥ ಹೆಸರುಗಳೂ ಅವುಗಳ ಮುಂದೆ ಪ್ಲಸ್, ಎರಡು ಪ್ಲಸ್, ಮೈನಸ್ ಗುರುತುಗಳೂ ಇರುತ್ತವೆ. ಒಂದಕ್ಕೆ ಎರಡು ಪ್ಲಸ್, ಇನ್ನೊಂದಕ್ಕೆ ಒಂದು ಪ್ಲಸ್, ಮತ್ತೊಂದಕ್ಕೆ ಮೈನಸ್. ಹುಡುಗರು ಇದಕ್ಕೆ ಕೊಟ್ಟಿರುವ ಹೆಸರು ಗನ್ ಪ್ರಾಪರ್ಟಿ.

ಆಟದ ಪಕ್ಷಪಾತಿಗಳು ಮೊದಲು ತೋರಿಸುವುದು ಆ ಮೈನಸ್ಸನ್ನು. ಕೊಟ್ಟಲ್ಲಿ ಕಸಿದುಕೊಂಡೂ ಇದ್ದಾರೆ, ಲೆಕ್ಕ ಸರಿಹೋಯಿತು ಎನ್ನುತ್ತಾರೆ. ಸರಿಹೋಗುತ್ತದೆಯೇ? ಎಂಪಿ40 ಎಂಬ ಬಂದೂಕನ್ನೇ ತೆಗೆದುಕೊಳ್ಳಿ. ಹತ್ತಿರದ ಕಾಳಗಕ್ಕೆ ಹೇಳಿಮಾಡಿಸಿದ್ದು. ಮಳೆ ಸುರಿದಂತೆ ಗುಂಡು ಬಿಡುತ್ತದೆ, ಮ್ಯಾಗಜೀನು ಚಿಕ್ಕದು, ಇಪ್ಪತ್ತು ಗುಂಡು. ಇದಕ್ಕೆ ಗುಂಡು ಹಾರಿಸುವ ವೇಗದಲ್ಲಿ ಪ್ಲಸ್, ರೀಲೋಡಿನಲ್ಲಿ ಮೈನಸ್ ಇರುವ ಸ್ಕಿನ್ ಹಾಕಿದ್ದೀರಿ ಎಂದುಕೊಳ್ಳಿ. ಇಬ್ಬರು ಎದುರಾಬದುರಾಗುತ್ತಾರೆ. ತಲೆಗೆ ಎರಡು ಮೂರು ಗುಂಡು ಕೂತರೆ ಮುಗಿಯುವ ಜಗಳ ಅದು. ಪ್ಲಸ್ಸಿನ ಲಾಭ ಮೊದಲ ಗುಂಡಿನಿಂದಲೇ ಶುರು. ಮೈನಸ್ಸಿನ ನಷ್ಟ ಇಪ್ಪತ್ತನೆಯ ಗುಂಡು ಖಾಲಿಯಾದ ಮೇಲೆ. ಅಷ್ಟು ಹೊತ್ತಿಗೆ ಇಬ್ಬರಲ್ಲಿ ಒಬ್ಬ ನೆಲಕ್ಕೆ ಬಿದ್ದಿರುತ್ತಾನೆ. ಗೆದ್ದವನು ಗೋಡೆಯ ಮರೆಗೆ ಹೋಗಿ ನಿಧಾನವಾಗಿ ಗುಂಡು ತುಂಬಿಕೊಳ್ಳುತ್ತಾನೆ. ನಾಲ್ಕು ಜನರ ತಂಡ ಒಟ್ಟಿಗೆ ನುಗ್ಗಿದಾಗ ಮಾತ್ರ ರೀಲೋಡಿನ ಮೈನಸ್ ಕಚ್ಚುತ್ತದೆ, ಒಪ್ಪುತ್ತೇನೆ. ಎರಡೇ ಗುಂಡಿನ ಎಂ1887 ಶಾಟ್‌ಗನ್ನಿನಲ್ಲಿ ಇನ್ನೂ ಬೇಗ ಕಚ್ಚುತ್ತದೆ. ಆದರೆ ಮುಖಾಮುಖಿಯಲ್ಲಿ, ಯಾರು ಮೇಲು ಎಂದು ತೀರ್ಮಾನವಾಗುವ ಆ ಒಂದು ಕ್ಷಣದಲ್ಲಿ, ತಕ್ಕಡಿಯ ಎರಡು ತಟ್ಟೆಗಳು ಒಂದೇ ಹೊತ್ತಿಗೆ ತೂಗುವುದಿಲ್ಲ. ಲಾಭ ಕಾಳಗದ ಒಳಗೆ, ದಂಡ ಕಾಳಗ ಮುಗಿದ ಮೇಲೆ.

ಪ್ಲಸ್ ಎಂದರೆ ಎಷ್ಟು ಎಂಬುದನ್ನು ಆ ಸಾಲು ಹೇಳದೆ ಇರುವುದು ನನಗೆ ಇದಕ್ಕಿಂತ ದೊಡ್ಡ ದೋಷವಾಗಿ ಕಾಣುತ್ತದೆ. ಶೇಕಡಾ ಎರಡೋ, ಹತ್ತೋ? ಎರಡು ಪ್ಲಸ್ ಎಂದರೆ ಒಂದರ ದುಪ್ಪಟ್ಟೋ? ಸಂಖ್ಯೆಗಳ ಮೇಲೆಯೇ ನಿಂತಿರುವ ಆಟ ಇದು. ಆಟಗಾರನ ಜೀವ ಇನ್ನೂರು ಅಂಕ, ಬಿದ್ದ ಪೆಟ್ಟೆಷ್ಟು ಎಂಬುದು ತೆರೆಯ ಮೇಲೆ ಅಂಕಿಯಲ್ಲೇ ಹಾರುತ್ತದೆ. ಎಲ್ಲವನ್ನೂ ಅಂಕಿಯಲ್ಲಿ ಹೇಳುವ ಆಟ ದುಡ್ಡು ಕೊಟ್ಟು ಪಡೆದದ್ದನ್ನು ಮಾತ್ರ ಗುರುತಿನ ಹಿಂದೆ ಅಡಗಿಸಿಡುತ್ತದೆ.

ಇದರ ಪರಿಣಾಮ ಗೆದ್ದವನಿಗಿಂತ ಸೋತವನ ಮೇಲೆ ಹೆಚ್ಚು. ಶೂಟರ್ ಆಟದ ಸುಖ ಸೋಲನ್ನು ಓದುವುದರಲ್ಲಿದೆ. ಸತ್ತ ಮೇಲೆ ಕೊಂದವನ ಆಟವನ್ನೇ ನೋಡುತ್ತ ಕೂರಬಹುದು. ಅವನು ಎಲ್ಲಿ ನಿಂತಿದ್ದ, ಯಾವಾಗ ಕೂತ, ಬೆರಳನ್ನು ಎಷ್ಟು ಮೇಲಕ್ಕೆಳೆದು ಹೆಡ್‌ಶಾಟ್ ಹೊಡೆದ, ನಾನು ಎಲ್ಲಿ ಅರ್ಧ ಸೆಕೆಂಡು ತಡಮಾಡಿದೆ ಎಂದು ಲೆಕ್ಕ ಹಾಕಬಹುದು. ಮುಂದಿನ ಪಂದ್ಯದಲ್ಲಿ ಆ ಅರ್ಧ ಸೆಕೆಂಡು ಉಳಿಸಿಕೊಂಡರೆ ಸಿಗುವ ಹಿಗ್ಗಿಗೆ ಸಮನಾದದ್ದು ಆಟದಲ್ಲಿ ಇನ್ನೊಂದಿಲ್ಲ. ಗನ್ ಪ್ರಾಪರ್ಟಿ ಈ ಓದನ್ನೇ ಕೆಡಿಸುತ್ತದೆ. ಸೋತದ್ದು ನನ್ನ ಹೆಬ್ಬೆರಳಿನಿಂದಲೋ ಅವನ ಬಂದೂಕಿನಿಂದಲೋ? ಪ್ಲಸ್ ಎಷ್ಟೆಂದೇ ಗೊತ್ತಿಲ್ಲದಾಗ ಉತ್ತರವೂ ಸಿಗುವುದಿಲ್ಲ. ಕಲಿಯಬೇಕಾಗಿದ್ದ ಹುಡುಗ ಅನುಮಾನಪಡುವುದನ್ನು ಕಲಿಯುತ್ತಾನೆ. ಅನುಮಾನಕ್ಕೆ ಮದ್ದು ಆಟದ ಅಂಗಡಿಯಲ್ಲಿದೆ, ದುಡ್ಡು ಕೊಟ್ಟು ಡೈಮಂಡ್ ಎಂಬ ಆಟದ ನಾಣ್ಯ ಹಾಕಿಸಿದರೆ ಆಯಿತು.

ಜಾತ್ರೆಯ ಕುಸ್ತಿಯಲ್ಲಿ ಗೆದ್ದ ಪೈಲ್ವಾನನ ಹೆಗಲಿಗೆ ಬೆಳ್ಳಿ ಗದೆ ಏರಿಸಿ ಮೆರೆಸುತ್ತಾರೆ. ಮುಂದಿನ ಜಾತ್ರೆಯ ಅಖಾಡಕ್ಕೆ ಅವನು ಆ ಗದೆ ಹಿಡಿದು ಇಳಿಯುವುದಿಲ್ಲ. ಬಹುಮಾನಕ್ಕೂ ಆಯುಧಕ್ಕೂ ನಡುವಿನ ಈ ಗೆರೆಯನ್ನು ಶೂಟರ್ ಆಟಗಳು ಮೊದಲು ಅರಿತಿದ್ದವು. ದಾವಣಗೆರೆ, ಶಿವಮೊಗ್ಗದ ಎಂಜಿನಿಯರಿಂಗ್ ಹಾಸ್ಟೆಲ್‌ಗಳಲ್ಲಿ ಲ್ಯಾನ್ ಎಳೆದು ಕೌಂಟರ್ ಸ್ಟ್ರೈಕ್ 1.6 ಆಡಿದ ಪೀಳಿಗೆಗೆ ಇದು ನೆನಪಿರುತ್ತದೆ. ಅಲ್ಲಿ ಎಲ್ಲರೂ 800 ಡಾಲರಿನಿಂದ ಶುರು. ಎಕೆ-47ಕ್ಕೆ 2,500, ಎಡಬ್ಲ್ಯೂಪಿ ಸ್ನೈಪರಿಗೆ 4,750. ಒಬ್ಬನನ್ನು ಹೊಡೆದರೆ 300 ಬಂತು, ಸುತ್ತು ಗೆದ್ದರೆ ಇನ್ನಷ್ಟು, ಸೋತರೂ ಎದ್ದು ನಿಲ್ಲಲು ಒಂದಿಷ್ಟು. ಈ ಸುತ್ತಿನಲ್ಲಿ ಕೊಳ್ಳುವುದೋ, ಪಿಸ್ತೂಲಿನಲ್ಲೇ ಕಳೆದು ಉಳಿಸುವುದೋ ಎಂಬ ಲೆಕ್ಕಾಚಾರವೇ ಒಂದು ಕೌಶಲ. ಗಳಿಸಿದ್ದೆಲ್ಲ ಆ ಪಂದ್ಯದೊಳಗೇ ಗಳಿಸಿದ್ದು, ಪಂದ್ಯ ಮುಗಿದರೆ ಎಲ್ಲರೂ ಮತ್ತೆ 800ಕ್ಕೆ. 2007ರ ಕಾಲ್ ಆಫ್ ಡ್ಯೂಟಿ 4 ಈ ಗೆರೆಯನ್ನು ದೊಡ್ಡ ಪ್ರಮಾಣದಲ್ಲಿ ದಾಟಿತು: ಆಡಿದಷ್ಟೂ ಅಂಕ, 55 ಮೆಟ್ಟಿಲು, ಮೆಟ್ಟಿಲೇರಿದಂತೆಲ್ಲ ಹೊಸ ಬಂದೂಕು, ಹೊಸ ಶಕ್ತಿ. ಇವತ್ತಿನ ಶೂಟರ್ ಆಟಗಳ ಬಹುಪಾಲು ಅದರ ಸಂತಾನ. ಅಲ್ಲಿ ಕೊನೆಯಪಕ್ಷ ಆಡಿಯೇ ಏರಬೇಕಿತ್ತು.

ಫ್ರೀ ಫೈರ್ ಮಾಡಿದವರಿಗೆ ಈ ವ್ಯತ್ಯಾಸ ಗೊತ್ತಿರಲಿಲ್ಲ ಎನ್ನಲಾಗದು. ಅದರ ಕ್ಲಾಶ್ ಸ್ಕ್ವಾಡ್ ಪಂದ್ಯದಲ್ಲಿ ನಾಲ್ವರಿಗೆ ನಾಲ್ವರು, ಪ್ರತಿ ಸುತ್ತಿಗೂ ಆ ಪಂದ್ಯದ ದುಡ್ಡಿನಿಂದಲೇ ಬಂದೂಕು ಕೊಳ್ಳಬೇಕು; ಕೌಂಟರ್ ಸ್ಟ್ರೈಕಿನ ಪಾಠವನ್ನು ಚೆನ್ನಾಗಿ ಓದಿಕೊಂಡವರೇ ಅದನ್ನು ಕಟ್ಟಿದ್ದು. ಇನ್ನು ಗ್ಲೂ ವಾಲ್. ಹೊಗಳಿಕೆಯ ಗದ್ದಲದಲ್ಲಿ ಯಾರೂ ಸರಿಯಾಗಿ ಹೊಗಳದೆ ಉಳಿದ ಅದ್ಭುತ ಅದು. ಎಸೆದ ಕಡೆ ಕಣ್ಣೆವೆ ಬಡಿಯುವುದರೊಳಗೆ ಗೋಡೆ ಏಳುತ್ತದೆ. ಬಯಲಿನಲ್ಲಿ ಸಿಕ್ಕಿಬಿದ್ದವನು ತನ್ನ ಮರೆಯನ್ನು ತಾನೇ ಕಟ್ಟಿಕೊಳ್ಳಬಹುದು, ಎದುರಾಳಿಯ ದಾರಿ ಮುಚ್ಚಬಹುದು, ಹಾಕಿದ ಗೋಡೆಯ ಯಾವ ಮಗ್ಗುಲಿನಿಂದ ಇಣುಕುತ್ತೇನೆಂದು ಅವನನ್ನು ಯೋಚನೆಗೆ ಹಚ್ಚಬಹುದು. ಪೆಟ್ಟು ಬಿದ್ದ ತಕ್ಷಣ ಹೆಬ್ಬೆರಳು ತಾನಾಗಿ ಆ ಗುಂಡಿಗೆ ಹೋಗುವಂತಾಗಲು ತಿಂಗಳುಗಟ್ಟಲೆ ಅಭ್ಯಾಸ ಬೇಕು. ಒಳ್ಳೆಯ ಆಟಗಾರನ ಗ್ಲೂ ವಾಲ್ ನೋಡುವುದೇ ಒಂದು ಸಂತೋಷ. ಅದಕ್ಕೂ ಸ್ಕಿನ್ ಉಂಟು, ಹುಡುಗರು ಅದಕ್ಕೂ ಹಂಬಲಿಸುತ್ತಾರೆ, ಅದು ಬರೀ ಅಂದಕ್ಕೆ. ಬಟ್ಟೆಯೂ ಪ್ಯಾರಾಚೂಟೂ ಅಷ್ಟೆ. ಅಂದ ಮಾರಿಯೇ ಬದುಕಬಲ್ಲೆವು ಎಂದು ತೋರಿಸಿಕೊಟ್ಟವರು ಬಂದೂಕಿನಲ್ಲಿ ಮಾತ್ರ ಬಲವನ್ನೂ ಮಾರಿದರು. ಪಾತ್ರಗಳ ಕಥೆಯೂ ಹೀಗೆಯೇ: ಬ್ರೆಜಿಲ್‌ನ ಡಿಜೆ ಆಲೋಕ್ ಹೆಸರಿನ ಪಾತ್ರ ಬಂದಾಗ ಅದರ ಬೆಲೆ 599 ಡೈಮಂಡ್. ತನ್ನ ಗಾಯ ಮಾಯಿಸಿಕೊಳ್ಳುತ್ತ, ಜೊತೆಯವರನ್ನೂ ಮಾಯಿಸುತ್ತ, ಓಟದ ವೇಗವನ್ನೂ ಹೆಚ್ಚಿಸುವ ಆ ಪಾತ್ರ ಇಲ್ಲದವನನ್ನು ತಂಡಕ್ಕೆ ಸೇರಿಸಿಕೊಳ್ಳಲು ಹಿಂದೆಮುಂದೆ ನೋಡುತ್ತಿದ್ದ ಕಾಲ ಇತ್ತು.

ಇಲ್ಲಿ ಎರಡು ಬಗೆಯ ಬರಹಗಾರರೊಂದಿಗೆ ನನಗೆ ತಕರಾರಿದೆ. ಮೊದಲನೆಯವರು ಪತ್ರಿಕೆಗಳಲ್ಲಿ ಮೊಬೈಲ್ ಆಟದ ಚಟದ ಬಗ್ಗೆ ಬರೆಯುವವರು. ಮಕ್ಕಳ ಬಗೆಗಿನ ಅವರ ಆತಂಕ ಪ್ರಾಮಾಣಿಕವಾದದ್ದು. ಆದರೆ ಆ ಬರಹಗಳಲ್ಲಿ ಲೂಡೋ, ರಮ್ಮಿ, ಪಬ್‌ಜಿ, ಫ್ರೀ ಫೈರ್ ಎಲ್ಲ ಒಂದೇ ಕೆಸರು. ಆಟವನ್ನು ತೆರೆದು ನೋಡದೆ ಬರೆದದ್ದರಿಂದ ಅವರ ಕಣ್ಣಿಗೆ ಗ್ಲೂ ವಾಲೂ ಬೀಳುವುದಿಲ್ಲ, ಗನ್ ಪ್ರಾಪರ್ಟಿಯೂ ಬೀಳುವುದಿಲ್ಲ. ಮಗ ಯಾವುದಕ್ಕೆ ಹೊತ್ತು ಕೊಟ್ಟ, ಯಾವುದಕ್ಕೆ ಅಪ್ಪನ ದುಡ್ಡು ಕೊಟ್ಟ ಎಂಬ ವ್ಯತ್ಯಾಸ ತಿಳಿಯದ ತಾಯ್ತಂದೆಯರಿಗೆ ಇಂಥ ಬರಹದಿಂದ ಯಾವ ಸಹಾಯವೂ ಆಗದು.

ಎರಡನೆಯವರು ಕೌಶಲವೋ ಅದೃಷ್ಟವೋ ಎಂಬ ಒಂದೇ ಅಳತೆಗೋಲು ಹಿಡಿದವರು. ಕರ್ನಾಟಕದಲ್ಲಿ ಈ ವಾದ ಬಿಸಿಯಾಗಿಯೇ ನಡೆಯಿತು. 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ಸರ್ಕಾರ ನಿಷೇಧಿಸಿತು. ಹೈಕೋರ್ಟು ಅದರ ಮುಖ್ಯ ಅಂಶಗಳನ್ನು ರದ್ದುಮಾಡಿತು, ಅದೂ 2022ರ ಫೆಬ್ರವರಿ 14ರಂದೇ, ಫ್ರೀ ಫೈರ್ ನಿಷೇಧವಾದ ದಿನವೇ. ರಮ್ಮಿಗೆ, ಕುದುರೆ ಜೂಜಿಗೆ ಈ ಅಳತೆಗೋಲು ಸಾಕಾದೀತು. ಫ್ರೀ ಫೈರ್‌ನ ಬಂದೂಕನ್ನು ಅಳೆಯಲು ಸಾಲದು. ಯಾಕೆಂದರೆ ಆ ಸ್ಕಿನ್ ಬಹಳ ಸಲ ಸಿಗುವುದು ಲಕ್ ರಾಯಲ್ ಎಂಬ ಸ್ಪಿನ್‌ನಲ್ಲಿ. ಡೈಮಂಡ್ ಹಾಕು, ತಿರುಗಿಸು, ಬಂದರೆ ಬಂತು. ಅಲ್ಲಿ ಅದೃಷ್ಟದಿಂದ ಬಂದದ್ದನ್ನು ಹಿಡಿದು ಹುಡುಗ ಇಲ್ಲಿ ಕೌಶಲದ ಕಣಕ್ಕೆ ಇಳಿಯುತ್ತಾನೆ. ಎರಡನ್ನೂ ಬೇರೆಬೇರೆ ಪೆಟ್ಟಿಗೆಯಲ್ಲಿಟ್ಟು ನೋಡುವವರಿಗೆ ನಡುವಿನ ಕಿಂಡಿ ಕಾಣುವುದಿಲ್ಲ. ಹೊರಗಿನವರು ಇದನ್ನು ಕಂಡಿದ್ದಾರೆ. 2017ರ ನವೆಂಬರಿನಲ್ಲಿ ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2 ಆಟದಲ್ಲಿ ಒಳಗೆ ಏನಿದೆಯೆಂದು ತಿಳಿಯದೆ ಕೊಳ್ಳುವ ಇಂಥದ್ದೇ ಅದೃಷ್ಟದ ಪೆಟ್ಟಿಗೆಗಳಿಂದ ಬಲ ಮಾರಲು ಹೊರಟ ಇಎ ಕಂಪನಿ ಆಟಗಾರರ ಸಿಟ್ಟಿಗೆ ಹೆದರಿ ಬಿಡುಗಡೆಯ ಹೊಸ್ತಿಲಲ್ಲೇ ಮಾರಾಟ ನಿಲ್ಲಿಸಿತು. ಮರುವರ್ಷ ಬೆಲ್ಜಿಯಂ ಅಂಥ ಪೆಟ್ಟಿಗೆಗಳನ್ನು ಜೂಜಿನ ಕಾನೂನಿಗೆ ಒಳಪಡಿಸಿತು.

ಫೋನೇ ಅಸಮಾನವಾಗಿರುವಾಗ ಸ್ಕಿನ್ನಿನ ಚೂರು ಪ್ಲಸ್ಸಿಗೆ ಯಾಕಿಷ್ಟು ರಗಳೆ ಎಂದು ಕೇಳುವವರಿದ್ದಾರೆ. ಸೆಕೆಂಡಿಗೆ 90 ಫ್ರೇಮ್ ತೋರಿಸುವ ಫೋನಿನವನು ಮೊದಲು ಕಾಣುತ್ತಾನೆ, ಮೊದಲು ಹೊಡೆಯುತ್ತಾನೆ, ಹೌದು. ಆದರೆ ಆ ಅಸಮಾನತೆ ಹೊರಗಿನಿಂದ ಬಂದದ್ದು, ಆಟ ಅದನ್ನು ತಗ್ಗಿಸಲು ಯತ್ನಿಸಬಹುದಷ್ಟೆ. ಅಗ್ಗದ ಫೋನಿನಲ್ಲೂ ಓಡುವಂತೆ ಮಾಡಿ ಫ್ರೀ ಫೈರ್ ಯತ್ನಿಸಿಯೂ ಇದೆ. ಗನ್ ಪ್ರಾಪರ್ಟಿ ಆಟವೇ ಕೈಯಾರೆ ಮಾಡಿದ್ದು. ಎರಡು ಸಾವಿರ ರೂಪಾಯಿ ಹೆಚ್ಚಿನ ಫೋನು ಕೊಳ್ಳಲಾಗದ ಹುಡುಗನಿಗೆ ಕಣದ ಬಾಗಿಲು ತೆರೆದು, ಒಳಗೆ ಅವನೆದುರು ನಿಲ್ಲುವವನಿಗೆ ಬಲ ಮಾರುವುದನ್ನು ಬಡವರ ಪರ ಎನ್ನಲು ನನ್ನಿಂದಾಗದು.

ಇದನ್ನು ವಿಮರ್ಶಕರಿಗಿಂತ ಮೊದಲು ತಿಳಿದವರು ಆಡುವ ಹುಡುಗರೇ. ಯಾರು ಮೇಲು ಎಂದು ಇಬ್ಬರ ನಡುವೆ ಮಾತು ಬೆಳೆದರೆ ಅವರು ರ‍್ಯಾಂಕ್ ತೋರಿಸಿ ಸುಮ್ಮನಾಗುವುದಿಲ್ಲ. "ಬಾರಲೇ ಕಸ್ಟಮ್‌ಗೆ" ಎಂಬ ಸವಾಲು ಬೀಳುತ್ತದೆ. ಕಸ್ಟಮ್ ರೂಮಿನಲ್ಲಿ ಪಂದ್ಯದ ಷರತ್ತುಗಳನ್ನು ತಾವೇ ಇಡಬಹುದು. ಅಲ್ಲಿ ಅವರು ಮೊದಲು ಮಾಡುವ ಕೆಲಸ ಗನ್ ಪ್ರಾಪರ್ಟಿ ಆಫ್ ಮಾಡುವುದು, ಹಲವರು ಕ್ಯಾರೆಕ್ಟರ್ ಸ್ಕಿಲ್ಲನ್ನೂ ಆಫ್ ಮಾಡುವುದು. ಪಂದ್ಯ ಆಡಿಸುವವರೂ ಪ್ರಾಪರ್ಟಿ ಆಫ್ ಎಂದು ನಿಯಮದಲ್ಲೇ ಬರೆಯುತ್ತಾರೆ. ಯಾವ ತಕರಾರೂ ಬರದಂತೆ ಕೌಶಲ ಅಳೆಯಬೇಕಾದಾಗ ಈ ಆಟವನ್ನು ಆಡುವವರು ಕಂಪನಿ ಮಾರಿದ್ದನ್ನು ಪಕ್ಕಕ್ಕಿಟ್ಟು ಆಡುತ್ತಾರೆ. ಹಾಗಾದರೆ ಹಗಲಿರುಳು ಆಡಿ ಏರುವ ಡೈಮಂಡ್, ಹೀರೋಯಿಕ್, ಗ್ರ್ಯಾಂಡ್‌ಮಾಸ್ಟರ್ ಎಂಬ ರ‍್ಯಾಂಕಿನ ಮೆಟ್ಟಿಲುಗಳು ಅಳೆಯುವುದು ಏನನ್ನು? ಆಟದ ಖಾತೆಗಳಾದ ಐಡಿಗಳನ್ನೇ ಕೊಡುವ ಕೊಳ್ಳುವ ವ್ಯಾಪಾರದಲ್ಲಿ ರ‍್ಯಾಂಕಿಗಿಂತ ಮೊದಲು ಯಾವ ಗನ್ ಇದೆ ಎಂದು ಕೇಳುವುದರಲ್ಲೇ ಉತ್ತರವಿದೆ.

2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣದ ಆಟಗಳಿಂದ ಇ-ಸ್ಪೋರ್ಟ್ಸನ್ನು ಬೇರ್ಪಡಿಸಿದೆ. ಫಲಿತಾಂಶವನ್ನು ದೇಹದ ಚುರುಕು, ಬುದ್ಧಿಯ ಚುರುಕು, ತಂತ್ರಗಾರಿಕೆಯಂಥ ಆಟಗಾರನ ಕೌಶಲಗಳು ಮಾತ್ರವೇ ನಿರ್ಧರಿಸಬೇಕು ಎಂಬುದು ಅದರ ವ್ಯಾಖ್ಯೆಯ ತಿರುಳು. ಆ 'ಮಾತ್ರವೇ'ಗೆ ಕಸ್ಟಮ್ ರೂಮಿನ ಪಂದ್ಯ ಹತ್ತಿರ ಬರುತ್ತದೆ, ಪ್ರಾಪರ್ಟಿ ಆನ್ ಇರುವ ರ‍್ಯಾಂಕ್ ಪಂದ್ಯ ಬರುವುದಿಲ್ಲ. ಸರಿಪಡಿಸಲು ಹೊಸದಾಗಿ ಏನನ್ನೂ ಕಟ್ಟಬೇಕಿಲ್ಲ, ಸ್ವಿಚ್ಚು ಆಗಲೇ ಇದೆ. ರ‍್ಯಾಂಕ್ ಪಂದ್ಯದಲ್ಲೂ ಅದನ್ನು ಆಫ್ ಮಾಡಲಿ. ಒಲ್ಲೆವೆಂದರೆ ಒಂದೊಂದು ಪ್ಲಸ್ಸಿನ ಪಕ್ಕದಲ್ಲೂ ಶೇಕಡಾ ಎಷ್ಟೆಂದು ಅಂಕಿಯಲ್ಲಿ ಬರೆಯಲಿ. ಸ್ಪಿನ್ ಗುಂಡಿ ಒತ್ತುವ ಮೊದಲೂ ಸೋತ ಮೇಲೂ ಆ ಅಂಕಿ ಹುಡುಗನ ಕಣ್ಣಿಗೆ ಬೀಳುವಂತಿರಲಿ.