ಹಳೇ ಕಂಪ್ಯೂಟರಿಗೆ ಹೊಸ ಸಾಮ್ರಾಜ್ಯ

1346ರಲ್ಲಿ ವಿಜಯನಗರ ಕಟ್ಟಿದ ಹರಿಹರ ಮತ್ತವನ ಸೋದರರು ಶೃಂಗೇರಿಗೆ ಬಂದು ವಿಜಯೋತ್ಸವ ಆಚರಿಸಿ, ಮಠಕ್ಕೆ ಭೂಮಿ ದತ್ತಿ ಬಿಟ್ಟರು. ಅದಕ್ಕೂ ಒಂಬತ್ತು ವರ್ಷ ಹಿಂದೆ, 1337ರ ಏಪ್ರಿಲ್ 1ರಂದು ಕತೆ ಶುರುವಾಗುವ ಸ್ಟ್ರಾಟಜಿ ಗೇಮ್ 'ಯುರೋಪಾ ಯೂನಿವರ್ಸಾಲಿಸ್ 5'. ಹೆಸರಿಗೆ ಯುರೋಪು, ನಕ್ಷೆಯಲ್ಲಿ ಇಡೀ ಜಗತ್ತು. 2025ರ ನವೆಂಬರ್‌ನಲ್ಲಿ ಇದು ಬಂದ ಮೇಲೆ ಕೊಪ್ಪ, ಎನ್.ಆರ್.ಪುರ ಕಡೆಯ ಹುಡುಗರದ್ದು ಒಂದೇ ಪ್ರಶ್ನೆ: "ನಮ್ಮನೆ ಹಳೇ ಕಂಪ್ಯೂಟರಲ್ಲಿ ಓಡುತ್ತಾ ಸರ್?"

ಇದು ಓಡುವುದಿಲ್ಲ. ಕನಿಷ್ಠ 16 ಜಿಬಿ ರ್‍ಯಾಮ್ ಬೇಕು, ಗ್ರಾಫಿಕ್ಸ್ ಕಾರ್ಡೂ ಬೇಕು. ಆದರೆ ಅಷ್ಟಕ್ಕೇ ಕಂಪ್ಯೂಟರನ್ನು ಗುಜರಿಗೆ ಹಾಕಬೇಡಿ.

ಸ್ಟ್ರಾಟಜಿ ಗೇಮಿನ ಸ್ವಭಾವವೇ ಬೇರೆ. ಗುಂಡು ಹಾರಿಸುವ ಆಟದಲ್ಲಿ ಚಿತ್ರ ಕ್ಷಣ ತಡವರಿಸಿದರೆ ನೀವು ಸತ್ತಿರಿ. 'ಸಿವಿಲೈಸೇಶನ್' ಸರದಿಯ ಆಟ, ನೀವು ನಡೆ ಇಡುವ ತನಕ ಕಾಯುತ್ತದೆ. ಅದರ ಭಾರ ಬೀಳುವುದು ಪ್ರೊಸೆಸರ್ ಮೇಲೆ. ನಿಮ್ಮ ಸರದಿ ಮುಗಿದಾಗ ಎದುರಾಳಿ ರಾಜ್ಯಗಳ ಸೈನ್ಯ, ವ್ಯಾಪಾರ, ಸಂಧಾನ ಎಲ್ಲವನ್ನೂ ಅದು ಲೆಕ್ಕ ಹಾಕಬೇಕು. ಹಾಗಾಗಿ ಆರಂಭದಲ್ಲಿ ಸಲೀಸಾಗಿ ಓಡಿದ ಆಟ, ರಾಜ್ಯಗಳು ಬೆಳೆದ ಮೇಲೆ ಏದುಸಿರು ಬಿಡುತ್ತದೆ.

ಹಳೇ ಕಂಪ್ಯೂಟರಿಗೆ ನನ್ನ ಆಯ್ಕೆ 2016ರ 'ಸಿವಿಲೈಸೇಶನ್ 6'. ಕನಿಷ್ಠ 4 ಜಿಬಿ ರ್‍ಯಾಮ್ ಸಾಕು, 8 ಇದ್ದರೆ ನೆಮ್ಮದಿ. ಅದರಲ್ಲಿ 'ಸ್ಟ್ರಾಟಜಿಕ್ ವ್ಯೂ' ಎಂಬ ಗುಂಡಿಯಿದೆ. ಒತ್ತಿದರೆ ಗುಡ್ಡ, ಕಾಡು, ಪಟ್ಟಣಗಳೆಲ್ಲ ಕಾಗದದ ನಕ್ಷೆಯಂತೆ ಚಪ್ಪಟೆಯಾಗಿ, ಗ್ರಾಫಿಕ್ಸ್ ಹೊರೆ ಇಳಿಯುತ್ತದೆ. ಸಣ್ಣ ನಕ್ಷೆ, ಕಡಿಮೆ ಎದುರಾಳಿಗಳನ್ನು ಆರಿಸಿಕೊಂಡರೆ ಕೊನೆಯವರೆಗೂ ಆಡಬಹುದು. 2025ರ 'ಸಿವಿಲೈಸೇಶನ್ 7' ಕನಿಷ್ಠ 8 ಜಿಬಿ ಕೇಳುತ್ತದೆ, ಪ್ರೊಸೆಸರ್ ಕೂಡ ಹೊಸದಿರಬೇಕು. ಕರ್ನಾಟಕದ ಚರಿತ್ರೆಯೇ ಬೇಕೆನ್ನುವವರಿಗೆ 2013ರ 'ಯುರೋಪಾ 4' ಇದೆ. ಅದು ಶುರುವಾಗುವುದು 1444ರಲ್ಲಿ, ಅಂದರೆ ಇಮ್ಮಡಿ ದೇವರಾಯನ ಕಾಲದಲ್ಲಿ. ವಿಜಯನಗರವನ್ನೇ ಆರಿಸಿಕೊಂಡು ಆಡಬಹುದು. ಕಾಸೇ ಇಲ್ಲದವರಿಗೆ '0 ಎ.ಡಿ.' ಪೂರ್ತಿ ಉಚಿತ, ಮೌರ್ಯರೂ ಅದರಲ್ಲಿದ್ದಾರೆ.

ದುಡ್ಡು ಹಾಕುವುದಾದರೆ ಮೊದಲು ಎಸ್‌ಎಸ್‌ಡಿಗೆ ಹಾಕಿ, ಆಮೇಲೆ ರ್‍ಯಾಮಿಗೆ. ಎಸ್‌ಎಸ್‌ಡಿಯಿಂದ ಆಟ ತೆರೆದುಕೊಳ್ಳಲು ಕಾಯುವ ಹೊತ್ತು ಕಡಿಮೆಯಾಗುತ್ತದೆ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್ ಚಿತ್ರಕ್ಕೂ ರ್‍ಯಾಮನ್ನೇ ಬಳಸುತ್ತದೆ. ಅಲ್ಲಿ ಒಂದು ಸ್ಲಾಟ್ ಖಾಲಿಯಿದ್ದರೆ ಜೋಡಿ ರ್‍ಯಾಮ್ ಹಾಕಿಸಿ, ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಮಲೆನಾಡಿನಲ್ಲಿ ಆಟದ ಕಾಲವೆಂದರೆ ಮಳೆಗಾಲ, ಮಳೆ ರಜೆಯ ದಿನಗಳು. ಕರೆಂಟ್ ಕೈಕೊಡುವುದೂ ಆಗಲೇ. ಲ್ಯಾಪ್‌ಟಾಪ್ ಬ್ಯಾಟರಿಗೆ ಹೊರಳಿದ ಕೂಡಲೇ ವಿದ್ಯುತ್ ಉಳಿಸಲು ಪ್ರೊಸೆಸರ್ ವೇಗ ತಗ್ಗುತ್ತದೆ. ಎಷ್ಟೋ ಮಂದಿ ಇದನ್ನೇ "ಕಂಪ್ಯೂಟರ್ ಸ್ಲೋ ಆಗಿದೆ" ಅನ್ನುತ್ತಾರೆ. ಡೆಸ್ಕ್‌ಟಾಪ್ ಇದ್ದವರು ಇನ್ವರ್ಟರನ್ನು ಯುಪಿಎಸ್ ಮೋಡಿನಲ್ಲಿಡಿ. ಇಲ್ಲದಿದ್ದರೆ ಕರೆಂಟ್ ಹೋದ ಗಳಿಗೆಯಲ್ಲಿ ಕಂಪ್ಯೂಟರ್ ಆರಿ ಹೋಗಿ, ಕಟ್ಟಿದ ಸಾಮ್ರಾಜ್ಯವೂ ಹೋಗುತ್ತದೆ. ಪ್ರತಿ ಸರದಿಗೂ ಆಟೋಸೇವ್ ಇರಲಿ. ಗುಡುಗು ಸಿಡಿಲು ಶುರುವಾದರೆ ಪ್ಲಗ್ಗಿನ ಜೊತೆ ಇಂಟರ್ನೆಟ್ ಕೇಬಲ್ಲೂ ಕೀಳಿ. ಫ್ಯಾನಿಗೆ ಮೆತ್ತಿದ ದೂಳನ್ನು ವರ್ಷಕ್ಕೊಮ್ಮೆ ತೆಗೆಸಿ.

ಡೌನ್‌ಲೋಡ್ ಇನ್ನೊಂದು ತಲೆನೋವು. 'ಏಜ್ ಆಫ್ ಎಂಪೈರ್ಸ್ 4'ಕ್ಕೆ 50 ಜಿಬಿ ಜಾಗ ಬೇಕು; ಮೊಬೈಲಿನ ದಿನದ ಡೇಟಾ ಅದಕ್ಕೆಲ್ಲಿ ಸಾಲುತ್ತದೆ? ನೀವು ಕೊಂಡ ಆಟವನ್ನೇ ಕೊಂಡಿರುವ ಸ್ನೇಹಿತನಿದ್ದರೆ, ಆಟ ಮಾರುವ ತಾಣವಾದ ಸ್ಟೀಮ್‌ನ ಲೋಕಲ್ ನೆಟ್‌ವರ್ಕ್ ವರ್ಗಾವಣೆಯಿಂದ ಅವನ ಕಂಪ್ಯೂಟರಿನಿಂದಲೇ ನಿಮ್ಮದಕ್ಕೆ ನಕಲಿಸಿಕೊಳ್ಳಬಹುದು. ಅದಕ್ಕೆ ಮುಂಚೆ ನಿಮ್ಮ ವಿಂಡೋಸ್ ಯಾವುದೆಂದು ನೋಡಿಕೊಳ್ಳಿ. 2024ರ ಜನವರಿಯಿಂದ ವಿಂಡೋಸ್ 7ಕ್ಕೆ ಸ್ಟೀಮ್ ಬೆಂಬಲ ನಿಲ್ಲಿಸಿದೆ.

ಇಷ್ಟಾದ ಮೇಲೂ ಅನುಮಾನವಿದ್ದರೆ ಪರೀಕ್ಷಿಸಿಯೇ ಬಿಡಿ. ಸ್ಟೀಮ್‌ನಲ್ಲಿ ಕೊಂಡು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. 'ಸಿವಿಲೈಸೇಶನ್ 6' ಕೊಂಡರೆ ಆಟಕ್ಕೆ ಇಳಿಯುವ ಮೊದಲೇ ಅದರೊಳಗಿನ ಬೆಂಚ್‌ಮಾರ್ಕ್ ಓಡಿಸಿ. ಒಂದು ಸರದಿಗೆ ಎಷ್ಟು ಸೆಕೆಂಡ್ ಬೇಕೆಂದು ಅದೇ ಹೇಳುತ್ತದೆ. ಅಷ್ಟು ಹೊತ್ತು ಕಾಯುವ ತಾಳ್ಮೆ ಇದ್ದರೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ದುಡ್ಡು ವಾಪಸ್ ಪಡೆಯಿರಿ.