ಬಸ್ಸಿಲ್ಲದ ಊರಿನ ಶಕ್ತಿ

ಕರ್ನಾಟಕದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆಯನ್ನು ಹೊಗಳುವವರೂ ತೆಗಳುವವರೂ ಹಿಡಿದು ಜಗ್ಗುವುದು ಒಂದೇ ಲೆಕ್ಕವನ್ನು: ಎಷ್ಟು ಟಿಕೆಟ್, ಎಷ್ಟು ಕೋಟಿ. 2023ರ ಜೂನ್ 11ರಂದು ಶುರುವಾದ ಯೋಜನೆ 2025ರ ಜುಲೈ ಹೊತ್ತಿಗೆ 500 ಕೋಟಿ ಪ್ರಯಾಣ ಮುಟ್ಟಿತು. ಸಣ್ಣ ಮಾತಲ್ಲ. ಬಸ್ ಚಾರ್ಜಿಗೆಂದು ಗಂಡನ ಮುಂದೆ, ಮಗನ ಮುಂದೆ ಕೈಯೊಡ್ಡದೆ ತವರಿಗೋ ಸಂತೆಗೋ ಆಸ್ಪತ್ರೆಗೋ ಹೋಗಿಬರುವುದು ಎಷ್ಟೋ ಹೆಂಗಸರಿಗೆ ಹೊಸ ಅನುಭವ. ಹೆಂಗಸರು ತೀರ್ಥಯಾತ್ರೆಗೆ ಹೊರಟು ಧರ್ಮಸ್ಥಳದಲ್ಲಿ ನೂಕುನುಗ್ಗಲು ಎಂದು ಗೊಣಗಿದವರೂ ಇದ್ದರು. ಗಂಡಸರು ಊರೂರು ಸುತ್ತುತ್ತಿದ್ದಾಗ ಯಾಕೆ ಹೊರಟಿರಿ ಎಂದು ಇವರು ಕೇಳಿದ್ದು ನನಗಂತೂ ನೆನಪಿಲ್ಲ.

ನನ್ನ ತಕರಾರು ಬೇರೆ. ಸರ್ಕಾರ ಟಿಕೆಟ್ಟಿನ ದುಡ್ಡು ಬಿಟ್ಟಿತು, ಬಸ್ಸು ಎಲ್ಲಿಗೆ ಹೋಗುತ್ತದೆ ಎಂದು ನೋಡಲಿಲ್ಲ. ನಾಲ್ಕು ಸಾರಿಗೆ ನಿಗಮಗಳ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಿದ್ದಲ್ಲಿ ಮಾತ್ರ ಶಕ್ತಿ. ಮಂಗಳೂರು, ಉಡುಪಿಯ ಸಿಟಿ ಬಸ್ಸುಗಳು ಬಹುಪಾಲು ಖಾಸಗಿಯವರವು. ಅಲ್ಲಿ ಬೀಡಿ ಕಟ್ಟುವ, ಮೀನು ಮಾರುವ ಹೆಂಗಸರು ಹತ್ತಿದ ಕೂಡಲೇ ಚಿಲ್ಲರೆ ತೆಗೆಯಬೇಕು. ಕೊಪ್ಪದ ಸುತ್ತಿನ ಮಲೆನಾಡು ಹಳ್ಳಿಗಳಿಗೆ ಕಾರ್ಮಿಕರೇ ಕಟ್ಟಿ ನಡೆಸಿದ ಸಹಕಾರ ಸಾರಿಗೆ ಓಡುತ್ತಿತ್ತು. ಅದು 2020ರಲ್ಲೇ, ಶಕ್ತಿ ಬರುವ ಮೊದಲೇ, ನಿಂತುಹೋಯಿತು. ಕಾರ್ಮಿಕರ ಆ ಸಂಸ್ಥೆಯನ್ನು ಉಳಿಸಿಕೊಳ್ಳಲಾಗದ ನಾಡು ಉಚಿತ ಪ್ರಯಾಣದ ಬಗ್ಗೆ ಎದೆಯುಬ್ಬಿಸುವಾಗ ನನಗೆ ಕಸಿವಿಸಿಯಾಗುತ್ತದೆ.

ಬಸ್ಸು ಸಾಲದಿದ್ದಾಗ ಜಗಳ ಸೀಟಿಗಿಳಿಯುತ್ತದೆ. ಬೆಂಗಳೂರಿನ ಬಿಎಂಟಿಸಿ ಬಿಟ್ಟು ಉಳಿದ ನಿಗಮಗಳಲ್ಲಿ ಅರ್ಧ ಸೀಟು ಗಂಡಸರಿಗೆಂದು ಮೀಸಲಿಟ್ಟರು. 2025ರ ಜನವರಿಯಲ್ಲಿ ದರ ಶೇ. 15 ಏರಿದಾಗ ಅದನ್ನು ತೆತ್ತವರು ಮುಖ್ಯವಾಗಿ ಗಂಡಸರು. ಕೂಲಿಗೆ ಹೋಗುವ ಮನೆಯಲ್ಲಿ ಹೆಂಡತಿ ಉಳಿಸಿದ್ದರಲ್ಲಿ ಒಂದಿಷ್ಟು ಗಂಡನ ಟಿಕೆಟ್ಟಿಗೇ ಹೋಯಿತು. ಬೆಂಗಳೂರಿನಲ್ಲಿ ಗಾರೆ ಕೆಲಸ ಮಾಡುವ ಹೊರರಾಜ್ಯದ ಹೆಣ್ಣುಮಗಳಿಗೆ ಈ ಸೌಲಭ್ಯವೇ ಇಲ್ಲ, ಗುರುತಿನ ಚೀಟಿಯಲ್ಲಿ ಕರ್ನಾಟಕದ ವಿಳಾಸವಿರಬೇಕು. ಇನ್ನು ಮಂಡಿನೋವಿನ ಅಜ್ಜಿಗೆ ಸಾಮಾನ್ಯ ಬಸ್ಸಿನ ಎತ್ತರದ ಮೆಟ್ಟಿಲು ಟಿಕೆಟ್ಟಿಗಿಂತ ದೊಡ್ಡ ಅಡ್ಡಿ.

ಬಸ್ಸು ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಹಣದ ಲೆಕ್ಕವೂ ಕಾರಣ. ಸರ್ಕಾರ ನಿಗಮಗಳಿಗೆ ಹಣ ಕೊಡುವುದು ಹೆಂಗಸರಿಗೆ ಹರಿದುಕೊಡುವ ಶೂನ್ಯ ದರದ ಟಿಕೆಟ್ಟಿನ ಲೆಕ್ಕದಲ್ಲಿ. ತುಂಬಿದ ಬಸ್ಸಿಗೆ ಹೆಚ್ಚು ದುಡ್ಡು. ನಾಲ್ಕು ಜನರಿಗಾಗಿ ಕಾಡಂಚಿನ ಊರಿಗೆ ಸಂಜೆ ಬಿಡುವ ಟ್ರಿಪ್ಪಿಗೆ ಪುಡಿಗಾಸು. ಅಂಥ ಟ್ರಿಪ್ಪು ಹೆಚ್ಚಲಿ ಎನ್ನುವುದಾದರೆ ಅಲ್ಲಿಗೆ ಓಡಿದ ಕಿಲೋಮೀಟರಿಗೂ ಹಣ ಕಟ್ಟಿಕೊಡಬೇಕು. ಕರಾವಳಿಯಲ್ಲಿ ಖಾಸಗಿ ಬಸ್ಸಿನವರ ಜೊತೆ ಕೂತು, ಹೆಂಗಸರ ಟಿಕೆಟ್ ಹಣವನ್ನು ಅವರಿಗೂ ತುಂಬಿಕೊಡುವ ಕರಾರು ಮಾಡಿಕೊಳ್ಳಬೇಕು.